3 ಪರ್ಸೆಂಟ್‌ನ ಕಥೆ: ಗೋಧಿಯಿಂದ ಕಿತ್ತಿದ್ದು, ಡಬ್ಬಿಯಲ್ಲಿ ವಾಪಸ್ ಬಂದಿದ್ದು

ಭಾಗ 1/10 · ಕಮಟು ವಾಸನೆ

ಮೊದಲನೇ ಫೋಟೋದಲ್ಲಿರೋದು ನಮ್ಮನೆ ಸ್ಟೀಲ್ ಡಬ್ಬಿ. ಒಳಗಿರೋ ಹಳದಿ ಪುಡಿ ರವೆ ಅಲ್ಲ, ತೌಡೂ ಅಲ್ಲ. ಅದರ ಹೆಸರು ವೀಟ್ ಜರ್ಮ್.

ಎರಡು ತಿಂಗಳ ಹಿಂದೆ ಅಮ್ಮ ಯಾವುದೋ ರೀಲ್ ನೋಡಿ ತರಿಸಿದ್ರು. "ದಿನಾ ಒಂದು ಚಮಚ ಚಪಾತಿ ಹಿಟ್ಟಿಗೆ ಹಾಕಿದ್ರೆ ಸಾಕಂತೆ, ಕೂದಲು, ಚರ್ಮ, ಶಕ್ತಿ ಎಲ್ಲಾ ಸರಿಹೋಗತ್ತಂತೆ." ಅಜ್ಜಿ ಪ್ಯಾಕೆಟ್ ತಿರುಗಿಸಿ ನೋಡಿ ಕೇಳಿದ್ರು: "ಜರ್ಮ್ ಅಂದ್ರೆ ಸೋಪಿನ ಜಾಹೀರಾತಲ್ಲಿ ತೋರಿಸ್ತಾರಲ್ಲ, ಆ ಕ್ರಿಮಿ ಅಲ್ವೇನೇ? ದುಡ್ಡು ಕೊಟ್ಟು ಕ್ರಿಮಿ ತಂದ್ಲಾ ನಿಮ್ಮಮ್ಮ?"

ಒಂದು ವಾರ ಚಪಾತಿಗೆ ಹಾಕಿದ್ವಿ. ಆಮೇಲೆ ಮರೆತ್ವಿ. ಡಬ್ಬಿ ಸ್ಟೌವ್ ಪಕ್ಕದ ಶೆಲ್ಫಲ್ಲೇ ಇತ್ತು. ಹೋದ ವಾರ ಮುಚ್ಚಳ ತೆಗೆದ್ರೆ ಹಳೇ ಎಣ್ಣೆಯ ಕಮಟು ವಾಸನೆ. ಬಾಯಿಗಿಟ್ಟರೆ ಕಹಿ. ತಪ್ಪು ನಮ್ಮದೇ. ಫ್ರಿಜ್ಜಲ್ಲಿಡಿ ಅಂತ ಪ್ಯಾಕೆಟ್ ಮೇಲೇ ಬರೆದಿತ್ತು, ಯಾರೂ ಓದಿರಲಿಲ್ಲ.

ಆದ್ರೆ ಒಂದು ಪ್ರಶ್ನೆ ತಲೇಲಿ ಉಳೀತು. ಅದೇ ಶೆಲ್ಫಿನ ಕೆಳಗೆ ಗೋಧಿ ಚೀಲ ಇದೆ. ಆರು ತಿಂಗಳಾಯ್ತು, ಏನೂ ಆಗಿಲ್ಲ. ಪಕ್ಕದಲ್ಲಿ ಮೈದಾ ಡಬ್ಬಿ ಇದೆ, ಅದಕ್ಕೂ ಏನೂ ಆಗಿಲ್ಲ. ಗೋಧಿ ಕೆಡಲಿಲ್ಲ, ಮೈದಾ ಕೆಡಲಿಲ್ಲ. ಅದೇ ಗೋಧಿಯಿಂದ ಬಂದ ಈ ಪುಡಿ ಮಾತ್ರ ಎರಡೇ ತಿಂಗಳಲ್ಲಿ ಯಾಕೆ ಕೆಡ್ತು?

ಇದಕ್ಕೆ ಉತ್ತರ ಹುಡುಕ್ತಾ ಹೋದೆ. ಬುಡಾಪೆಸ್ಟಿನ ಕಬ್ಬಿಣದ ಉರುಳೆಗಳು, ಇರಾಕಿನ ಒಂದು ಮುತ್ತಿಗೆ, ನೆಲ್ಲೂರಲ್ಲಿ ಹುಟ್ಟಿದ ಒಬ್ಬ ವಿಜ್ಞಾನಿ, ಎಲ್ಲಾ ಸಿಕ್ಕಿದ್ರು. ಕಳೆದ ಸುಮಾರು 180 ವರ್ಷದಲ್ಲಿ ಜಗತ್ತಿನ ಹಿಟ್ಟು ಬದಲಾಗಿದ್ದರ ಹಿಂದೆ ಈ ವಾಸನೆಯ ದೊಡ್ಡ ಪಾತ್ರ ಇದೆ. ಹತ್ತು ಕ್ಯಾಪ್ಷನ್‌ನಲ್ಲಿ ಹೇಳಿ ಮುಗಿಸ್ತೀನಿ. ಸೇವ್ ಮಾಡ್ಕೊಳ್ಳಿ, ಊಟ ಆದ್ಮೇಲೆ ಓದಿ.

—

ಭಾಗ 2/10 · ಕಾಳಿನೊಳಗಿನ ಕೂಸು

ಮೊದಲು ಅಜ್ಜಿಯ ಡೌಟ್ ಕ್ಲಿಯರ್ ಮಾಡೋಣ. ಜರ್ಮ್ ಅನ್ನೋ ಪದದ ಮೂಲ ಲ್ಯಾಟಿನ್ನಿನ "ಗೆರ್ಮೆನ್". ಅರ್ಥ ಮೊಳಕೆ, ಚಿಗುರು. ರೋಗದ ಕ್ರಿಮಿ ಅನ್ನೋ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿದ್ದು. ಹಾಗಾಗಿ ವೀಟ್ ಜರ್ಮ್ ಅಂದ್ರೆ ಗೋಧಿಯ ಅಂಕುರ, ಕಾಳಿನೊಳಗೆ ಮಲಗಿರೋ ಕೂಸು. ಗೋಧಿಯನ್ನ ನೆನೆಹಾಕಿ ಮೊಳಕೆ ಬರಿಸ್ತೀವಲ್ಲ, ಆ ಮೊಳಕೆ ಹೊರಗೆ ಬರೋದು ಇಲ್ಲಿಂದಲೇ. ಆದ್ರೆ ವೀಟ್ ಜರ್ಮ್, ಮೊಳಕೆ ಗೋಧಿ, ವೀಟ್‌ಗ್ರಾಸ್ ಮೂರೂ ಬೇರೆ ಬೇರೆ. ರೀಲ್‌ಗಳಲ್ಲಿ ಮೂರನ್ನೂ ಕಲಸಿಬಿಡ್ತಾರೆ.

ಒಂದು ಕಾಳನ್ನ ಮೂರು ಭಾಗ ಮಾಡಿ ನೋಡಿ. ಹೊರಗಿನ ಸಿಪ್ಪೆ, ಅಂದ್ರೆ ತೌಡು, ಸುಮಾರು 14%. ಒಳಗಿನ ಬಿಳಿ ಹಿಟ್ಟಿನ ಭಾಗ ಸುಮಾರು 83%. ತುದಿಯಲ್ಲಿರೋ ಅಂಕುರ ಬರೀ 2.5ರಿಂದ 3%.

ಆ ಬಿಳಿ ಭಾಗ ಕೂಸಿಗೆ ಕಟ್ಟಿಕೊಟ್ಟ ಬುತ್ತಿ. ಬೇರು ಬಿಟ್ಟು ಎಲೆ ಬರೋವರೆಗೂ ಸಸಿ ಅದನ್ನೇ ತಿಂದು ಬದುಕತ್ತೆ. ಬುತ್ತಿಯಲ್ಲಿ ಹೆಚ್ಚಿನದು ಪಿಷ್ಟ. ಕೂಸಿನ ಮೈಯಲ್ಲಿ ಬೇರೆಯದೇ ಸರಕು: 100 ಗ್ರಾಂ ಅಂಕುರದಲ್ಲಿ ಸುಮಾರು 23 ಗ್ರಾಂ ಪ್ರೋಟೀನ್, 10 ಗ್ರಾಂ ಎಣ್ಣೆ, ಜೊತೆಗೆ ಸತು, ಫೋಲೇಟ್, ವಿಟಮಿನ್ ಇ. ಅಂಕುರಕ್ಕೂ ಬುತ್ತಿಗೂ ನಡುವೆ ಸ್ಕುಟೆಲ್ಲಮ್ ಅನ್ನೋ ಒಂದು ತೆಳು ಗುರಾಣಿ ಇದೆ. ಅದರ ತೂಕ ಕಾಳಿನ 1.5% ಇರಬಹುದು. ಇಡೀ ಕಾಳಿನ ವಿಟಮಿನ್ ಬಿ1ನಲ್ಲಿ ಸುಮಾರು 60% ಅಲ್ಲೇ ಇದೆ. ಈ ಒಂದು ಸಾಲು ನೆನಪಿಟ್ಕೊಳ್ಳಿ, 7ನೇ ಭಾಗದಲ್ಲಿ ಬೇಕಾಗತ್ತೆ.

ಈಗ ವಾಸನೆಯ ವಿಷಯ. ಅಂಕುರದಲ್ಲಿ ಎಣ್ಣೆ ಇದೆ ಅಂದ್ನಲ್ಲ, ಆ ಎಣ್ಣೆಯನ್ನ ಒಡೆಯೋ ಕಿಣ್ವಗಳೂ ಕಾಳಿನಲ್ಲೇ ಇವೆ. ಕಾಳು ಇಡಿಯಾಗಿ ಇರೋವರೆಗೆ ಎಣ್ಣೆ, ಕಿಣ್ವ, ಗಾಳಿ ಮೂರೂ ಅವುಗಳ ಪಾಡಿಗೆ ದೂರ ದೂರ ಇರ್ತವೆ. ಬೀಸಿದ ಕ್ಷಣ ಮೂರೂ ಸೇರ್ತವೆ. ಅಲ್ಲಿಂದ ಗಡಿಯಾರ ಓಡೋಕೆ ಶುರು.

ಅಂದ್ರೆ ಕಾಳಿನಲ್ಲಿ ಜೀವ ಇರೋ ಭಾಗವೇ ಬೇಗ ಕೆಡೋ ಭಾಗ. ಮುಂದಿನ ಇಡೀ ಕಥೆ ಈ ಸಾಲಿನದ್ದೇ.

—

ಭಾಗ 3/10 · ಹಿಟ್ಟಿಗೆ ಊರೇ ಗಡಿ

ಈ ಫೋಟೋದಲ್ಲಿರೋದು ಅಜ್ಜಿಯ ತವರುಮನೆಯ ಬೀಸೋಕಲ್ಲು. ಈಗ ಅದರ ಮೇಲೆ ತುಳಸಿ ಕುಂಡ ಕೂತಿದೆ.

ಅಜ್ಜಿಯ ಕಾಲಕ್ಕೆ ಅವರ ಮನೇಲಿ ದಿನದ ಊಟ ಅಂದ್ರೆ ಜೋಳ, ರಾಗಿ. ಗೋಧಿ ಬರ್ತಿದ್ದಿದ್ದು ಹಬ್ಬಕ್ಕೆ. ಹೋಳಿಗೆಗೆ, ಮಾದಲಿಗೆ, ಗೋಧಿ ಹುಗ್ಗಿಗೆ. "ನಾಳೆ ಬೇಕಾದ್ದನ್ನ ಇವತ್ತು ಬೀಸ್ತಿದ್ವಿ. ಹಿಟ್ಟು ಮಾಡಿ ಯಾರು ಕೂಡಿಡ್ತಾರೆ? ಕಾಳು ಕೂಡಿಡ್ತಾರೆ" ಅಂದ್ರು. ಹಗೇವಿನಲ್ಲಿ ತುಂಬಿಡ್ತಿದ್ದಿದ್ದೂ ಕಾಳನ್ನೇ, ಹಿಟ್ಟನ್ನಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಸಾವಿರಾರು ವರ್ಷ ಎಲ್ಲಾ ಕಡೆ ಗೋಧಿ ಬೀಸಿದ್ದು ಕಲ್ಲಿನಲ್ಲೇ. ಕೈಯಿಂದ ತಿರುಗಿಸೋ ಕಲ್ಲು, ಎತ್ತು ತಿರುಗಿಸೋ ಕಲ್ಲು, ನೀರಿನ ರಭಸಕ್ಕೆ, ಗಾಳಿಗೆ ತಿರುಗೋ ಕಲ್ಲು. ಶಕ್ತಿ ಬೇರೆ ಬೇರೆ ಆದ್ರೂ ಕೆಲಸ ಒಂದೇ. ಎರಡು ಕಲ್ಲಿನ ನಡುವೆ ಸಿಕ್ಕ ಕಾಳು ಪೂರ್ತಿ ಅರೆದುಹೋಗತ್ತೆ. ಅಂಕುರದ ಎಣ್ಣೆ ಹಿಟ್ಟಿಗೆಲ್ಲ ಸವರಿಕೊಳ್ಳತ್ತೆ. ಜರಡಿ ಹಿಡಿದು ದಪ್ಪ ತೌಡು ತೆಗೀಬಹುದು. ಸಾಹುಕಾರರ ಮನೆಗೆ ಬಟ್ಟೆಯಲ್ಲಿ ಸೋಸಿ ಇನ್ನೂ ಬೆಳ್ಳಗೆ ಮಾಡಬಹುದು. ಹಿಟ್ಟಿಗೆ ಹತ್ತಿದ ಎಣ್ಣೆಯನ್ನ ಮಾತ್ರ ಯಾವ ಜರಡಿಯೂ ತೆಗೆಯಲ್ಲ. ಹಾಗಾಗಿ ಕಲ್ಲಿನ ಹಿಟ್ಟು ಸ್ವಲ್ಪ ಹಳದಿ, ಸ್ವಲ್ಪ ಘಮ, ಮತ್ತೆ ಸ್ವಲ್ಪವೇ ದಿನ.

ಇದರ ಪರಿಣಾಮ ವ್ಯಾಪಾರದ ಮೇಲೆ ಏನು? ಗೋಧಿ ಹಡಗು ಹತ್ತಿ ಸಮುದ್ರ ದಾಟಬಹುದಿತ್ತು. ಹಿಟ್ಟು, ಅದರಲ್ಲೂ ಸೆಕೆಯ ದಾರಿಯಲ್ಲಿ, ಅಷ್ಟು ದೂರ ಹೋಗೋದು ಕಷ್ಟ. ಹಿಟ್ಟಿಗೆ ಊರೇ ಗಡಿ. ಅದಕ್ಕೇ ಪ್ರತಿ ಊರಿಗೂ ಒಬ್ಬ ಬೀಸೋನು ಬೇಕಿತ್ತು, ಒಂದು ಗಿರಣಿ ಬೇಕಿತ್ತು. ಒಬ್ಬನೇ ಸಾಹುಕಾರ ಒಂದು ದೇಶಕ್ಕೆಲ್ಲ ಹಿಟ್ಟು ಮಾರೋದು ಆಗ ಸುಲಭ ಇರಲಿಲ್ಲ.

ಯಾರಾದ್ರೂ ಆ ಎಣ್ಣೆಯ ಚೂರನ್ನ ಪುಡಿಯಾಗೋಕೆ ಬಿಡದೆ, ಇಡಿಯಾಗಿ ಹೊರಗೆ ತೆಗೆದ್ರೆ?

—

ಭಾಗ 4/10 · ಒಣದ್ರಾಕ್ಷಿ ಮತ್ತು ಕಲ್ಲುಸಕ್ಕರೆ

ಒಂದು ಸಣ್ಣ ಪ್ರಯೋಗ. ಮಣೆ ಮೇಲೆ ಒಂದಿಷ್ಟು ಕಲ್ಲುಸಕ್ಕರೆ, ಎರಡು ಒಣದ್ರಾಕ್ಷಿ ಇಡಿ. ಮೇಲೆ ಲಟ್ಟಣಿಗೆ ಉರುಳಿಸಿ. ಕಲ್ಲುಸಕ್ಕರೆ ಪುಡಿಯಾಗತ್ತೆ, ದ್ರಾಕ್ಷಿ ಚಪ್ಪಟೆ ಆಗತ್ತೆ. ಈಗ ಜರಡಿ ಹಿಡಿದ್ರೆ ಪುಡಿ ಕೆಳಗೆ, ದ್ರಾಕ್ಷಿ ಮೇಲೆ.

ರೋಲರ್ ಮಿಲ್ ಮಾಡೋದು ಇಷ್ಟನ್ನೇ. ಗೋಧಿಯ ಬಿಳಿ ಭಾಗ ಗಡುಸು, ಒಡೆದು ಪುಡಿಯಾಗತ್ತೆ. ಅಂಕುರದಲ್ಲಿ ಎಣ್ಣೆ ಇರೋದ್ರಿಂದ ಅದು ಮೆತ್ತಗೆ, ಚಪ್ಪಟೆಯಾಗಿ ಹಪ್ಪಳದ ಚೂರಿನ ಹಾಗೆ ಉಳಿಯತ್ತೆ. ಜರಡಿ ಅದನ್ನ ತೌಡಿನ ಜೊತೆ ಆಚೆ ತಳ್ಳತ್ತೆ.

ಇದನ್ನ ದೊಡ್ಡ ಮಟ್ಟದಲ್ಲಿ ಸಾಧಿಸಿದ್ದು ಹಂಗೇರಿ. 1830ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಯಾಕೋಬ್ ಸುಲ್ಜ್‌ಬರ್ಗರ್ ಉರುಳೆ ಗಿರಣಿಯ ವಿನ್ಯಾಸ ಸುಧಾರಿಸಿದ. ಅದೇ ದಶಕದ ಕೊನೆಗೆ ಈಗಿನ ಬುಡಾಪೆಸ್ಟಿನ ಪೆಸ್ಟ್ ಭಾಗದಲ್ಲಿ ಉರುಳೆ ಗಿರಣಿ ಬಂತು. ಅಲ್ಲಿನ ಗಾಂಜ್ ಕಾರ್ಖಾನೆ ಸವೆಯದ ಎರಕದ ಕಬ್ಬಿಣದ ಉರುಳೆ ಮಾಡಿತು. ಅದೇ ಕಾರ್ಖಾನೆಯ ಇಂಜಿನಿಯರ್ ಆಂಡ್ರಾಶ್ ಮೆಖ್ವಾರ್ಟ್ 1874ರಲ್ಲಿ ಓರೆ ಗೀರುಗಳಿರೋ ಉರುಳೆಗೆ ಪೇಟೆಂಟ್ ಪಡೆದ. ಜೋಡಿ ಉರುಳೆಯಲ್ಲಿ ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗತ್ತೆ. ಕಾಳು ಅರೆಯೋ ಬದಲು ಬಿಚ್ಚಿಕೊಳ್ಳತ್ತೆ. ಒಂದೇ ಸಲಕ್ಕೆ ಮುಗಿಸೋದಿಲ್ಲ. ಒಡಿ, ಜರಡಿ ಹಿಡಿ, ಮತ್ತೆ ಒಡಿ, ಮತ್ತೆ ಜರಡಿ. ಹಂತ ಹಂತವಾಗಿ ಬಿಳಿ ಭಾಗ ಮಾತ್ರ ಉಳಿಯತ್ತೆ.

ನೂರು ಕೆಜಿ ಗೋಧಿಗೆ ಸುಮಾರು 72 ಕೆಜಿ ಬಿಳಿ ಹಿಟ್ಟು. ಹಿಂದೆ ಯಾವ ಕಲ್ಲೂ ಕೊಡದಷ್ಟು ಬಿಳುಪು. ಮುಖ್ಯವಾಗಿ, ಎಣ್ಣೆ ಇಲ್ಲ. ಅಂದ್ರೆ ತಿಂಗಳುಗಟ್ಟಲೆ ಕೆಡೋದಿಲ್ಲ. ಬುಡಾಪೆಸ್ಟಿನ ಹಿಟ್ಟು ದೇಶ ದಾಟಿ ಲಂಡನ್ ತಲುಪಿತು, ಆ ಊರು ಜಗತ್ತಿನ ಹಿಟ್ಟಿನ ರಾಜಧಾನಿ ಅನ್ನಿಸಿಕೊಳ್ತು.

ಹಿಟ್ಟಿಗಿದ್ದ ಗಡಿ ಬಿದ್ದುಹೋಯ್ತು.

—

ಭಾಗ 5/10 · ಬೈ-ಪ್ರಾಡಕ್ಟ್

1878 ಮೇ 2, ಅಮೆರಿಕದ ಮಿನಿಯಾಪೊಲಿಸ್. ಮಿಸಿಸಿಪ್ಪಿ ನದಿ ದಡದ ವಾಶ್‌ಬರ್ನ್ ಎ ಮಿಲ್ ಸ್ಫೋಟ ಆಯ್ತು. ಗಾಳಿಯಲ್ಲಿ ತುಂಬಿಕೊಂಡಿದ್ದ ಹಿಟ್ಟಿನ ಧೂಳಿಗೇ ಬೆಂಕಿ ಹತ್ತಿತ್ತು. 18 ಜನ ಸತ್ತರು, ಅಕ್ಕಪಕ್ಕದ ಗಿರಣಿಗಳೂ ನೆಲಸಮ ಆದ್ವು.

ಮಾಲೀಕರು ಹೊಸದಾಗಿ ಕಟ್ಟೋವಾಗ ಕಲ್ಲುಗಳನ್ನ ಬಿಟ್ಟು ಉರುಳೆಗೆ ಬಂದರು. ಅವರ ಇಂಜಿನಿಯರ್ ವಿಲಿಯಂ ಡಿ ಲಾ ಬಾರ್ ಹಂಗೇರಿಗೆ ಹೋಗಿ ಅಲ್ಲಿನ ಗಿರಣಿಗಳನ್ನ ನೋಡಿಕೊಂಡು ಬಂದಿದ್ದ. ಕೆಲವೇ ವರ್ಷದಲ್ಲಿ ಮಿನಿಯಾಪೊಲಿಸ್ ಬುಡಾಪೆಸ್ಟನ್ನೂ ಹಿಂದೆ ಹಾಕಿತು. ರೈಲು, ಉಗಿಹಡಗು, ಕೆಡದ ಹಿಟ್ಟು, ಮೂರೂ ಒಟ್ಟಿಗೆ ಸಿಕ್ಕಿದ ಕಾಲ ಅದು.

ಇಲ್ಲಿ ನನ್ನ ಬಿಕಾಂ ಬುದ್ಧಿ ಎದ್ದು ಕೂರತ್ತೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಜಾಯಿಂಟ್ ಪ್ರಾಡಕ್ಟ್, ಬೈ-ಪ್ರಾಡಕ್ಟ್ ಅಂತ ಒಂದು ಅಧ್ಯಾಯ ಇದೆ. ಒಂದೇ ಕಚ್ಚಾ ಸಾಮಗ್ರಿಯಿಂದ ಹಲವು ವಸ್ತು ಬಂದಾಗ ಮುಖ್ಯವಾದದ್ದು ಯಾವುದು, ಉಪ ಉತ್ಪನ್ನ ಯಾವುದು ಅಂತ ಗುರುತಿಸಬೇಕು. ಉಪ ಉತ್ಪನ್ನ ಮಾರಿ ಬಂದ ದುಡ್ಡನ್ನ ಮುಖ್ಯ ಉತ್ಪನ್ನದ ವೆಚ್ಚದಲ್ಲಿ ಕಳೀತಾರೆ. ಪರೀಕ್ಷೆಗೆ ಓದುವಾಗ ಇದು ಬರೀ ಲೆಕ್ಕ. ಆದ್ರೆ ಯಾವುದು ಮುಖ್ಯ ಅಂತ ತೀರ್ಮಾನ ಮಾಡೋದು ಮಾರುಕಟ್ಟೆಯ ಬೆಲೆ, ತಿನ್ನೋನ ದೇಹ ಅಲ್ಲ. ಗಿರಣಿಯ ಲೆಡ್ಜರ್‌ನಲ್ಲಿ ಬಿಳಿ ಹಿಟ್ಟು ಮುಖ್ಯ ಆಯ್ತು. ತೌಡು, ಅಂಕುರ ಎರಡೂ ಬೂಸಾ ಲೆಕ್ಕಕ್ಕೆ ಸೇರಿ ದನದ ಬಾನಿಗೆ ಹೋದ್ವು.

ಇದನ್ನ ಯಾರದೋ ಪಿತೂರಿ ಅನ್ನೋಕೆ ಆಗಲ್ಲ. ಶತಮಾನಗಳ ಕಾಲ ಬಿಳಿ ಬ್ರೆಡ್ ಸಾಹುಕಾರರ ತಿಂಡಿ. ಕಂದು ಬ್ರೆಡ್ ತಿಂದು ಬೇಸತ್ತಿದ್ದ ಕೂಲಿಯವರಿಗೆ ಮೊದಲ ಸಲ ಬಿಳಿ ಬ್ರೆಡ್ ಕೈಗೆಟುಕಿತ್ತು. ಅವರು ಖುಷಿಯಿಂದಲೇ ಕೊಂಡ್ರು. ಒಳಗಿಂದ ಏನು ಹೋಗಿದೆ ಅಂತ ಹೇಳೋಕೆ ಆಗ ವಿಟಮಿನ್ ಅನ್ನೋ ಪದವೇ ಹುಟ್ಟಿರಲಿಲ್ಲ.

—

ಭಾಗ 6/10 · 25 ಪೌಂಡಿನ ಹೆಸರು

ತೆಗೆದಿದ್ದನ್ನ ವಾಪಸ್ ಹಾಕಿ ಮಾರಬಹುದು ಅಂತ ಹೊಳೆದಿದ್ದು ಇಂಗ್ಲೆಂಡಿನ ಒಬ್ಬ ಗಿರಣಿಯವನಿಗೆ. ಹೆಸರು ರಿಚರ್ಡ್ ಸ್ಮಿತ್. ಸ್ಟಾಫರ್ಡ್‌ಶೈರ್‌ನ ಸ್ಟೋನ್ ಅನ್ನೋ ಊರಿನವನು, ಅದಕ್ಕೇ ಜನ ಅವನನ್ನ "ಸ್ಟೋನಿ ಸ್ಮಿತ್" ಅಂತಿದ್ರು.

ಅವನಿಗಿದ್ದ ಸಮಸ್ಯೆ ನಮ್ಮಮ್ಮನ ಡಬ್ಬಿಯ ಸಮಸ್ಯೆಯೇ. ಅಂಕುರವನ್ನ ಹಾಗೇ ಹಿಟ್ಟಿಗೆ ಸೇರಿಸಿದ್ರೆ ಹಿಟ್ಟು ಕೆಡತ್ತೆ. ಸ್ಮಿತ್ ಹುಡುಕಿದ ದಾರಿ ಸುಲಭದ್ದು: ಬೇರ್ಪಡಿಸಿದ ಅಂಕುರವನ್ನ ಉಪ್ಪಿನ ಜೊತೆ ಹಬೆಯಲ್ಲಿ ಲಘುವಾಗಿ ಬೇಯಿಸೋದು. ಬಿಸಿಗೆ ಕಿಣ್ವಗಳ ಆಟ ನಿಲ್ಲತ್ತೆ, ಎಣ್ಣೆ ಬೇಗ ಕಮಟಾಗಲ್ಲ. ಆಮೇಲೆ ಅದನ್ನ ಬಿಳಿ ಹಿಟ್ಟಿಗೆ ಬೆರೆಸೋದು. 1887ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ತು. ಇವತ್ತು ಅಂಗಡಿಯಲ್ಲಿ ಸಿಗೋ ಹುರಿದ ವೀಟ್ ಜರ್ಮ್ ಹಿಂದೆ ಇರೋದೂ ಇದೇ ಉಪಾಯ. ಹಬೆ ಆಗಲಿ, ಹುರಿಯೋದಾಗಲಿ, ಕಿಣ್ವವನ್ನ ಸುಮ್ಮನಾಗಿಸಬೇಕು.

ಮ್ಯಾಕಲ್ಸ್‌ಫೀಲ್ಡ್‌ನ ಫಿಟನ್ ಅಂಡ್ ಸನ್ಸ್ ಅನ್ನೋ ಗಿರಣಿ ಕಂಪನಿ ಈ ಹಿಟ್ಟನ್ನ ಮಾರೋಕೆ ತಗೊಂಡ್ತು. ಮೊದಲಿದ್ದ ಹೆಸರು "ಸ್ಮಿತ್‌ನ ಪೇಟೆಂಟ್ ಜರ್ಮ್ ಬ್ರೆಡ್". ಯೋಚಿಸಿ, ನಮ್ಮಜ್ಜಿ ಆ ಬೋರ್ಡ್ ನೋಡಿದ್ರೆ ಅಂಗಡಿ ಒಳಗೆ ಕಾಲಿಡ್ತಿದ್ರಾ?

ಕಂಪನಿ ಹೊಸ ಹೆಸರಿಗೆ ಒಂದು ಸ್ಪರ್ಧೆ ಇಟ್ಟಿತು. 1890ರಲ್ಲಿ ಗೆದ್ದಿದ್ದು ಹರ್ಬರ್ಟ್ ಗ್ರೈಮ್ ಅನ್ನೋ ವಿದ್ಯಾರ್ಥಿ. ಲ್ಯಾಟಿನ್ನಿನ "ಹೊಮಿನಿಸ್ ವಿಸ್", ಅಂದ್ರೆ ಮನುಷ್ಯನ ಬಲ, ಅದನ್ನ ಚಿಕ್ಕದು ಮಾಡಿ "ಹೋವಿಸ್" ಅಂದ. ಬಹುಮಾನ 25 ಪೌಂಡ್. ಆ ಬ್ರ್ಯಾಂಡ್ ಇವತ್ತಿಗೂ ಬ್ರಿಟನ್ನಿನ ಅಂಗಡಿಗಳಲ್ಲಿದೆ. ಕಾಲೇಜಲ್ಲಿ ಬ್ರ್ಯಾಂಡಿಂಗ್ ಅಸೈನ್‌ಮೆಂಟ್ ಬರೆಯೋ ಎಲ್ಲರಿಗೂ ಈ ಹುಡುಗನ ಕಥೆ ಹೇಳಬೇಕು.

ಆದ್ರೆ ಲೆಕ್ಕ ಗಮನಿಸಿ. ಹಳೇ ಕಾಲದಲ್ಲಿ ಹಿಟ್ಟಿನ ಜೊತೆ ಪುಕ್ಕಟೆಯಾಗಿ ಬರ್ತಿದ್ದದ್ದು ಈಗ ಸ್ಪೆಷಲ್ ಐಟಂ ಆಯ್ತು. ನಮ್ಮನೆ ಡಬ್ಬಿಯ ಮುತ್ತಜ್ಜ ಹುಟ್ಟಿದ್ದು ಅವತ್ತು.

—

ಭಾಗ 7/10 · ಕುಟ್‌ನ ಮುತ್ತಿಗೆ

ಈ ಭಾಗ ಬರೆಯೋವಾಗ ಕೈ ಸ್ವಲ್ಪ ನಿಧಾನ ಆಯ್ತು.

ಮೊದಲ ಮಹಾಯುದ್ಧ. ಈಗಿನ ಇರಾಕಿನ ಟೈಗ್ರಿಸ್ ನದಿ ದಡದ ಕುಟ್ ಅನ್ನೋ ಊರು. ಜನರಲ್ ಟೌನ್‌ಶೆಂಡ್‌ನ ಸೈನ್ಯವನ್ನ 1915 ಡಿಸೆಂಬರ್ 7ರಿಂದ ಆಟೊಮನ್ ಪಡೆ ಮುತ್ತಿಗೆ ಹಾಕಿತು. ಒಳಗೆ ಬ್ರಿಟಿಷ್ ಸೈನಿಕರಿದ್ರು, ಅವರಿಗಿಂತ ಹೆಚ್ಚು ಭಾರತೀಯ ಸೈನಿಕರಿದ್ರು. ಕೋಟೆ ಒಂದೇ, ಶತ್ರು ಒಬ್ಬನೇ, ರೇಷನ್ ಮಾತ್ರ ಎರಡು ತರ. ಬ್ರಿಟಿಷರಿಗೆ ಬಿಳಿ ಹಿಟ್ಟಿನ ಬ್ರೆಡ್, ಭಾರತೀಯರಿಗೆ ಅಟ್ಟಾ.

ಬ್ರಿಟಿಷ್ ಸೈನಿಕರಲ್ಲಿ ಬೆರಿಬೆರಿ ಕಾಣಿಸಿಕೊಳ್ತು. ಕಾಲು ಜೋಮು ಹಿಡಿಯೋದು, ಬಾವು ಬರೋದು, ನಡೆಯೋಕಾಗದೇ ಇರೋದು, ಜಾಸ್ತಿಯಾದ್ರೆ ಹೃದಯವೇ ಸೋಲೋದು. ಇದು ವಿಟಮಿನ್ ಬಿ1 ಕೊರತೆಯ ಕಾಯಿಲೆ. ಅಟ್ಟಾ ತಿಂತಿದ್ದ ಭಾರತೀಯ ಸೈನಿಕರನ್ನ ಅದು ಹಾಗೆ ಕಾಡಲಿಲ್ಲ. ಆಮೇಲೆ ಬಿಳಿ ಹಿಟ್ಟು ಖಾಲಿಯಾಯ್ತು. ಬ್ರಿಟಿಷರೂ ಅಟ್ಟಾ ತಿನ್ನಬೇಕಾಯ್ತು. ಬೆರಿಬೆರಿ ಇಳೀತಾ ಬಂತು. ಅಲ್ಲಿದ್ದ ವೈದ್ಯಾಧಿಕಾರಿ ಪ್ಯಾಟ್ರಿಕ್ ಹೆಹಿರ್ ಇದನ್ನ ದಾಖಲಿಸಿದ್ರು. ಬೇಕು ಅಂತ ಯಾರೂ ಮಾಡದ ಒಂದು ಪ್ರಯೋಗ ಅದು.

2ನೇ ಭಾಗದ ಸಾಲು ನೆನಪಿದೆಯಾ? ಕಾಳಿನ ಬಿ1ನ ಹೆಚ್ಚಿನ ಪಾಲು ಅಂಕುರದಲ್ಲಿ, ಉಳಿದದ್ದರಲ್ಲಿ ಬಹುಪಾಲು ತೌಡಿನ ಒಳಪದರದಲ್ಲಿ. ಬಿಳಿ ಹಿಟ್ಟಿಗೆ ಸಿಗೋದು ಚೂರು. ಗಿರಣಿಯವನು ಬೂಸಾಕ್ಕೆ ತಳ್ಳಿದ್ದು ಏನು ಅಂತ ಸೈನಿಕರ ಕಾಲು ಹೇಳಿತು.

ಇಷ್ಟಕ್ಕೇ ನಿಲ್ಲಿಸಿದ್ರೆ "ನಮ್ಮ ಚಪಾತಿಗೆ ಜೈ" ಅಂತ ಪೋಸ್ಟ್ ಮುಗಿಸಬಹುದಿತ್ತು. ಆದ್ರೆ ಪೂರ್ತಿ ಕಥೆ ಹೇಳಲೇಬೇಕು. ಅದೇ ಕುಟ್‌ನಲ್ಲಿ ಭಾರತೀಯ ಸೈನಿಕರನ್ನ ಸ್ಕರ್ವಿ ಹಿಡೀತು. ತಾಜಾ ತರಕಾರಿ ಇರಲಿಲ್ಲ. ಬ್ರಿಟಿಷರು ಕುದುರೆ ಮಾಂಸ ತಿಂದ್ರು, ಬಹಳಷ್ಟು ಭಾರತೀಯರು ಧರ್ಮದ ಕಾರಣಕ್ಕೆ ತುಂಬಾ ದಿನ ಮುಟ್ಟಲಿಲ್ಲ. ಅಟ್ಟಾದಲ್ಲಿ ಬಿ1 ಇದೆ, ವಿಟಮಿನ್ ಸಿ ಇಲ್ಲ.

1916 ಏಪ್ರಿಲ್ 29ಕ್ಕೆ ಸೈನ್ಯ ಶರಣಾಯ್ತು. ಸೆರೆಯಾದವರಲ್ಲಿ ಸಾವಿರಾರು ಜನ ವಾಪಸ್ ಬರಲೇ ಇಲ್ಲ.

ಒಂದೇ ಕಾಳು ಎಲ್ಲವನ್ನೂ ಕಾಯೋದಿಲ್ಲ. ಇದನ್ನೂ ಕುಟ್ಟೇ ಹೇಳಿದ್ದು.

—

ಭಾಗ 8/10 · ನೆಲ್ಲೂರಿನಲ್ಲಿ ಹುಟ್ಟಿದ ಹುಡುಗ

ಬಿ1 ಅಂದ್ರೆ ಏನು ಅಂತ ಗೊತ್ತಾಗೋಕೆ ಇನ್ನೂ ಇಪ್ಪತ್ತು ವರ್ಷ ಹಿಡೀತು. ಸುಳಿವು ಮೊದಲು ಸಿಕ್ಕಿದ್ದು ಅಕ್ಕಿಯಲ್ಲಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲೋದನ್ನ, ತೌಡು ಕೊಟ್ಟರೆ ಸರಿಹೋಗೋದನ್ನ ಗಮನಿಸಿದ. 1929ರಲ್ಲಿ ಅವನಿಗೆ ನೊಬೆಲ್ ಬಂತು.

ಕಥೆಯನ್ನ ಮುಗಿಸಿದ್ದು ರಾಬರ್ಟ್ ರನ್ನೆಲ್ಸ್ ವಿಲಿಯಮ್ಸ್. 1886ರಲ್ಲಿ ಹುಟ್ಟಿದ್ದು ನೆಲ್ಲೂರಲ್ಲಿ, ಅಮೆರಿಕನ್ ಮಿಷನರಿ ದಂಪತಿಯ ಮಗ. ದೊಡ್ಡವನಾಗಿ ಮನಿಲಾದಲ್ಲಿ ಕೆಲಸಕ್ಕಿದ್ದಾಗ ಬೆರಿಬೆರಿಯನ್ನ ಹತ್ತಿರದಿಂದ ಕಂಡ. ಆಮೇಲೆ ಬೆಲ್ ಟೆಲಿಫೋನ್ ಲ್ಯಾಬ್‌ನಲ್ಲಿ ಕೆಮಿಸ್ಟ್ ಆದ. ಹಗಲು ಟೆಲಿಫೋನ್ ಕಂಪನಿ ಕೆಲಸ, ಬಿಡುವಲ್ಲಿ ತೌಡಿನ ಹಿಂದೆ ಓಟ. 1936ರಲ್ಲಿ ಬಿ1ನ ರಚನೆ ಬಿಡಿಸಿ, ಪ್ರಯೋಗಾಲಯದಲ್ಲೇ ಅದನ್ನ ತಯಾರಿಸಿ ತೋರಿಸಿದ.

ಅದೇ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹರ್ಬರ್ಟ್ ಇವಾನ್ಸ್ ತಂಡ ಗೋಧಿ ಅಂಕುರದ ಎಣ್ಣೆಯಿಂದಲೇ ವಿಟಮಿನ್ ಇ ಬೇರ್ಪಡಿಸಿದ್ದನ್ನ ಪ್ರಕಟಿಸಿತು. 1922ರಲ್ಲಿ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್, ಇಲಿಗಳ ಗರ್ಭ ನಿಲ್ಲೋಕೆ ಬೇಕಾದ ಏನೋ ಒಂದು ಆಹಾರದಲ್ಲಿದೆ ಅಂತ ಕಂಡುಕೊಂಡಿದ್ರು. ಅದಕ್ಕಿಟ್ಟ ಹೆಸರು ಟೋಕೋಫೆರಾಲ್. ಗ್ರೀಕಿನಲ್ಲಿ ಟೋಕೋಸ್ ಅಂದ್ರೆ ಹೆರಿಗೆ. ಕಾಳಿನ ಕೂಸಿನಲ್ಲೇ ಅದು ಸಿಕ್ಕಿದ್ದು ಎಷ್ಟು ಹೊಂದತ್ತೆ ಅಲ್ವಾ?

ಈಗ ವ್ಯಾಪಾರಿಗಳ ಮುಂದೆ ಎರಡು ದಾರಿ. ಒಂದು, ಅಂಕುರವನ್ನ ಹಿಟ್ಟಲ್ಲೇ ಬಿಡೋದು. ಇನ್ನೊಂದು, ಅಂಕುರ ತೆಗೆದು ಕಾರ್ಖಾನೆಯ ವಿಟಮಿನ್ ಚಿಟಿಕೆ ಹಾಕೋದು. ಎರಡನೇದು ಅಗ್ಗ, ಹಿಟ್ಟೂ ಕೆಡಲ್ಲ. 1941ರಿಂದ ಅಮೆರಿಕದಲ್ಲಿ ಬಿಳಿ ಹಿಟ್ಟಿಗೆ ಬಿ1, ನಿಯಾಸಿನ್, ಕಬ್ಬಿಣ ಸೇರಿಸೋದು ಶುರುವಾಯ್ತು. ಅದಕ್ಕೆ ಜೋರಾಗಿ ಒತ್ತಾಯಿಸಿದವರಲ್ಲಿ ವಿಲಿಯಮ್ಸ್ ಕೂಡ ಒಬ್ಬ. ಜೀವಗಳು ಉಳಿದ್ವು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಹತ್ತಾರು ಪೋಷಕಾಂಶ ತೆಗೆದು ಮೂರು ನಾಲ್ಕು ವಾಪಸ್ ಹಾಕಿದ ಹಿಟ್ಟಿಗೆ ಇಟ್ಟ ಹೆಸರು ಮಾತ್ರ "ಸಮೃದ್ಧ ಹಿಟ್ಟು".

—

ಭಾಗ 9/10 · ಯುದ್ಧದ ಬ್ರೆಡ್, ಅನಾಥಾಲಯದ ಮಕ್ಕಳು

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಬೇರೆ ದಾರಿ ಹಿಡೀತು. ಹಡಗಿನಲ್ಲಿ ಬರೋ ಗೋಧಿ ಕಮ್ಮಿಯಾಗಿತ್ತು, ಒಂದು ಹಿಡಿಯನ್ನೂ ವ್ಯರ್ಥ ಮಾಡೋ ಹಾಗಿರಲಿಲ್ಲ. 1942ರಲ್ಲಿ "ನ್ಯಾಷನಲ್ ಲೋಫ್" ಬಂತು. ನೂರು ಕೆಜಿ ಗೋಧಿಯಿಂದ 85 ಕೆಜಿ ಹಿಟ್ಟು ತೆಗೀಬೇಕು ಅಂತ ಸರ್ಕಾರದ ಆದೇಶ. ಹಾಗೆ ಮಾಡಿದ್ರೆ ಅಂಕುರದ ದೊಡ್ಡ ಪಾಲು ಹಿಟ್ಟಲ್ಲೇ ಉಳಿಯತ್ತೆ. ಪೋಷಣೆ ಹೆಚ್ಚಾಯ್ತು. ಜನ ಮಾತ್ರ ಮುಖ ಕಿವುಚಿದ್ರು. ಬೂದುಬಣ್ಣ, ಒರಟು. ಹಿಟ್ಲರನ ಗುಪ್ತಾಸ್ತ್ರ ಅಂತ ಗೇಲಿ ಮಾಡಿದ್ರು. ಯುದ್ಧ ಮುಗಿದು ಕೆಲವು ವರ್ಷಕ್ಕೆ ಬಿಳಿ ಬ್ರೆಡ್ ವಾಪಸ್ ಬಂತು, ವಿಟಮಿನ್ ಪುಡಿ ಸೇರಿಸಿಕೊಂಡು.

ಈಗ ನನ್ನ ವಾದಕ್ಕೇ ವಿರುದ್ಧ ಇರೋ ಒಂದು ಸಂಗತಿ. ಮುಚ್ಚಿಟ್ಟರೆ ಅದು ಇತಿಹಾಸ ಆಗಲ್ಲ.

ಯುದ್ಧದ ನಂತರ, 1947ರ ಸುಮಾರಿಗೆ, ಬ್ರಿಟನ್ನಿನ ಎಲ್ಸಿ ವಿಡೋಸನ್ ಮತ್ತು ರಾಬರ್ಟ್ ಮೆಕ್ಯಾನ್ಸ್ ಜರ್ಮನಿಯ ಅನಾಥಾಲಯಗಳಿಗೆ ಹೋದ್ರು. ಹಸಿದು ಬಡಕಲಾಗಿದ್ದ ಮಕ್ಕಳು. ಒಂದೊಂದು ಗುಂಪಿಗೆ ಒಂದೊಂದು ತರದ ಹಿಟ್ಟಿನ ಬ್ರೆಡ್: ಇಡೀ ಗೋಧಿಯದ್ದು, 85%ನದ್ದು, ಬಿಳಿಯದ್ದು, ವಿಟಮಿನ್ ಸೇರಿಸಿದ ಬಿಳಿಯದ್ದು. ಜೊತೆಗೆ ತರಕಾರಿ ಧಾರಾಳ. ಹಾಲು, ಮಾಂಸ ತೀರಾ ಕಮ್ಮಿ. ಇಡೀ ಗೋಧಿಯ ಗುಂಪು ಗೆಲ್ಲತ್ತೆ ಅಂತ ನೀವಂದುಕೊಂಡ್ರಾ? ಎಲ್ಲಾ ಗುಂಪಿನ ಮಕ್ಕಳೂ ಒಂದೇ ತರ ಚೆನ್ನಾಗಿ ಬೆಳೆದ್ರು.

ನನಗೆ ಅರ್ಥ ಆಗಿದ್ದು ಇಷ್ಟು. ತಟ್ಟೆಯಲ್ಲಿ ಬೇರೆ ಬೇರೆ ಪದಾರ್ಥ ಇದ್ರೆ, ಹಿಟ್ಟಿನಿಂದ ಹೋಗಿದ್ದನ್ನ ಬೇರೆ ಯಾವುದೋ ತುಂಬತ್ತೆ. ತಟ್ಟೆಯಲ್ಲಿ ಹಿಟ್ಟು ಬಿಟ್ಟು ಬೇರೇನೂ ಇಲ್ಲದವನಿಗೆ ಮಾತ್ರ ಆ 3% ಜೀವದ ಪ್ರಶ್ನೆ ಆಗತ್ತೆ. ಕುಟ್‌ನಲ್ಲಿ ಆಗಿದ್ದೂ ಅದೇ. ಹಾಗಾಗಿ ವೀಟ್ ಜರ್ಮ್ ಪವಾಡ ಅನ್ನೋ ರೀಲ್ ಸುಳ್ಳು. ಅದು ಬರೀ ವೇಸ್ಟ್ ಅಂದಿದ್ದ ಲೆಡ್ಜರ್ ಕೂಡ ಸುಳ್ಳು.

ನಮ್ಮ ದೇಶದಲ್ಲೂ ಈಗ ಪ್ಯಾಕೆಟ್ ಹಿಟ್ಟಿನ ಮೇಲೆ ನೀಲಿ ಬಣ್ಣದ "ಪ್ಲಸ್ ಎಫ್" ಗುರುತು ನೋಡಿರ್ತೀರಿ. ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿದ ಹಿಟ್ಟು ಅಂತ ಅರ್ಥ. ಇದರಲ್ಲಿ ಬಿ12 ಗೋಧಿಯಲ್ಲಿ ಮೊದಲಿಂದಲೂ ಇಲ್ಲ, ಅದು ನಿಜಕ್ಕೂ ಹೊಸ ಸೇರ್ಪಡೆ. ಕಬ್ಬಿಣ, ಫೋಲೇಟ್ ಹಾಗಲ್ಲ. ಅವು ಇಡೀ ಕಾಳಿನಲ್ಲೇ ಇದ್ವು, ಮೈದಾ ಮಾಡೋವಾಗ ಬಹಳಷ್ಟು ಹೋಗತ್ತೆ.

—

ಭಾಗ 10/10 · ಗಿರಣಿಯ ಬಿಸಿ ಹಿಟ್ಟು

ಕೊನೇ ಫೋಟೋ ನಮ್ಮ ಬೀದಿಯ ಹಿಟ್ಟಿನ ಗಿರಣಿದು. ಚಿಕ್ಕವಳಿದ್ದಾಗ ತಲೆ ಮೇಲೆ ಡಬ್ಬ ಹೊತ್ತು ಹೋಗಿ, ವಾಪಸ್ ಬರೋವಾಗ ಬಿಸಿ ಹಿಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಬರ್ತಿದ್ದೆ. ಆ ಘಮದಲ್ಲಿ ಅಂಕುರದ ಎಣ್ಣೆಯ ಪಾಲೂ ಇತ್ತು ಅಂತ ಈಗ ಗೊತ್ತಾಯ್ತು.

ಲೆಕ್ಕ ಹಾಕೋಣ. ನಮ್ಮನೇಲಿ ನಾಲ್ಕು ಜನ, ತಿಂಗಳಿಗೆ 10 ಕೆಜಿ ಗೋಧಿ ಬೀಸಿಸ್ತೀವಿ. ಅದರ 2.5ರಿಂದ 3% ಅಂದ್ರೆ 250ರಿಂದ 300 ಗ್ರಾಂ ಅಂಕುರ. ಒಬ್ಬರಿಗೆ ದಿನಕ್ಕೆ 2 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಡಬ್ಬಿಯಿಂದ ಒಂದು ದೊಡ್ಡ ಚಮಚ ಹಾಕಿದ್ರೆ ಸುಮಾರು 7 ಗ್ರಾಂ, ಅದರಲ್ಲಿ ಪ್ರೋಟೀನ್ ಒಂದೂವರೆ ಗ್ರಾಂ. ಅಂದ್ರೆ ಗಿರಣಿ ಹಿಟ್ಟಿನ ಚಪಾತಿ ತಿನ್ನೋರಿಗೆ ಒಂದು ಪಾಲು ಆಗಲೇ ಸಿಗ್ತಿದೆ. ಡಬ್ಬಿ ತಂದ್ರೆ ಮೇಲೊಂದಿಷ್ಟು, ತರದಿದ್ರೆ ನಷ್ಟ ಇಲ್ಲ. ಮೂರು ಹೊತ್ತೂ ಬ್ರೆಡ್, ಬನ್, ಪರೋಟ, ನೂಡಲ್ಸ್ ಮೇಲೆ ಬದುಕೋ ನಮ್ಮ ಹಾಸ್ಟೆಲ್, ಪಿಜಿ ಗೆಳೆಯರಿಗೆ ಮಾತ್ರ ಆ ಚಮಚ ಲೆಕ್ಕಕ್ಕೆ ಬರತ್ತೆ.

ತರೋದಾದ್ರೆ ಚಿಕ್ಕ ಪ್ಯಾಕೆಟ್ ತನ್ನಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಲ್ಲಿಡಿ. ಹಸಿಯದಾಗಿದ್ರೆ ಸಣ್ಣ ಉರಿಯಲ್ಲಿ ಘಮ ಬರೋವರೆಗೆ ಹುರಿದು ಆರಿಸಿ, ಸ್ಟೋನಿ ಸ್ಮಿತ್‌ನ ನೆನೆಸ್ಕೊಂಡು. ಚಪಾತಿ ಹಿಟ್ಟಿಗೆ, ಉಪ್ಪಿಟ್ಟಿಗೆ ಇಳಿಸೋ ಮುಂಚೆ, ರಾಗಿ ಗಂಜಿಗೆ, ಮೊಸರಿಗೆ, ಚಟ್ನಿಪುಡಿಗೆ ಹಾಕಬಹುದು. ಹುರಿದ ಶೇಂಗಾದ ತರ ರುಚಿ. ಕಮಟು ವಾಸನೆ ಬಂದ್ರೆ ದುಡ್ಡಿನ ಮುಖ ನೋಡದೆ ಎಸೀರಿ. ಗೋಧಿ, ಗ್ಲುಟೆನ್ ಆಗದವರು ಮುಟ್ಟಲೇಬೇಡಿ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಈ ಅಂಕುರ ಕೆಡದ ಹಾಗೆ ಮಾಡಿ ಬಿಸ್ಕತ್ತಿಗೆ ಸೇರಿಸೋ ಸಂಶೋಧನೆ ನಡೆದಿದೆ. ಬೂಸಾ ಲೆಕ್ಕದಲ್ಲಿದ್ದದ್ದು ನಿಧಾನಕ್ಕೆ ಊಟದ ಲೆಕ್ಕಕ್ಕೆ ಬರ್ತಿದೆ.

ಕಳೆದ ವರ್ಷ ನಮ್ಮ ಬೀದಿಯ ಇನ್ನೊಂದು ಗಿರಣಿ ಮುಚ್ಚಿತು. ಈಗ ಉಳಿದಿರೋದು ಇದೊಂದೇ. ಇದೂ ಮುಚ್ಚಿದ್ರೆ, ಬೀಸೋ ಕೂಲಿ ಕೊಟ್ಟು ಇಡೀ ಕಾಳು ತಿಂತಿದ್ದ ನಾವು, ಹಿಟ್ಟಿಗೆ ಒಂದು ಬಿಲ್ಲು, ಅದರಿಂದ ತೆಗೆದಿದ್ದಕ್ಕೆ ಇನ್ನೊಂದು ಬಿಲ್ಲು ಕಟ್ಟಬೇಕಾಗತ್ತೆ.

ಅಮ್ಮ ಡಬ್ಬಿ ತೊಳೆದಿಟ್ರು. ಪುಡಿಯನ್ನ ಎಲ್ಲಿ ಹಾಕೋದು ಅಂತ ಕೇಳಿದ್ದಕ್ಕೆ ಅಜ್ಜಿ, "ದನಕ್ಕೂ ಬೇಡ, ಗಿಡದ ಬುಡಕ್ಕೆ ಹಾಕು" ಅಂದ್ರು. ಈ ಭಾನುವಾರ ಗಿರಣಿಗೆ ನಾನೇ ಹೋಗ್ತೀನಿ ಅಂದಿದ್ದೀನಿ. 10 ಕೆಜಿ ಬೇಡ, 5 ಕೆಜಿ. ಹದಿನೈದು ದಿನಕ್ಕೊಮ್ಮೆ. ಬಿಸಿ ಬಿಸಿ.

ನಿಮ್ಮ ಬೀದಿಯಲ್ಲಿ ಗಿರಣಿ ಇನ್ನೂ ಇದೆಯಾ? ಇದ್ರೆ ಒಂದು ಫೋಟೋ ಕಳಿಸಿ.

#ಅಡುಗೆಮನೆಇತಿಹಾಸ #ಗೋಧಿ #ಹಿಟ್ಟಿನಗಿರಣಿ #ಕನ್ನಡಓದು